ಐವರ ಮುಂದೆ ಒಂದು ಕುರ್ಚಿ

ಕಾರವಾರದಿಂದ ಕಾಳಿ ನದಿಯನ್ನು ದಾಟಿ ಉತ್ತರದ ದಂಡೆಗೆ ಬಂದರೆ ಸಿಗುವ ಊರು ಚಿತ್ತಾಕುಲ. ಹೊರಗಿನವರಿಗೆ ಈ ಹೆಸರಿಗಿಂತ ಸದಾಶಿವಗಡವೆಂಬ ಹೆಸರೇ ಹೆಚ್ಚು ಪರಿಚಿತ. ನನ್ನ ತಂಗಿಯನ್ನು ಕೊಟ್ಟದ್ದು ಆ ಊರಿಗೆ. ವರ್ಷಕ್ಕೊಂದು ಸಲ ಅಲ್ಲಿಗೆ ಹೋಗಿ, ಎಂಟು ಹತ್ತು ದಿನವಿದ್ದು, ಕಡಲ ಗಾಳಿಯನ್ನೂ ತಂಗಿಯ ಕೈಯಡುಗೆಯನ್ನೂ ಸವಿದು ಬರುವುದು ನಿವೃತ್ತನಾದ ಮೇಲೆ ನಾನು ಮಾಡಿಕೊಂಡಿರುವ ಪದ್ಧತಿ. ಅಲ್ಲಿದ್ದಷ್ಟು ದಿನ ಏನನ್ನೂ ಬರೆಯಬಾರದೆಂದು ಪ್ರತಿ ಸಲವೂ ನಿಶ್ಚಯಿಸುತ್ತೇನೆ. ಈ ಸಲದ ನಿಶ್ಚಯ ಎರಡನೆಯ ದಿನದ ಸಂಜೆಯವರೆಗೆ ಉಳಿಯಿತು.

ಸಂಜೆ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆವು. ಪಕ್ಕದ ಮನೆಯ ಹುಡುಗಿ ಕೈಯಲ್ಲೊಂದು ಕಾಗದ ಹಿಡಿದು ಬಂದವಳು ಮೆಟ್ಟಿಲ ಮೇಲೆಯೇ ನಿಂತಳು. ಅವಳು ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಿಂದ ನಾನು ಬಲ್ಲೆ. ಈಗ ಇಪ್ಪತ್ತೆಂಟು ವರ್ಷದವಳು, ಬಿ.ಕಾಂ. ಪಾಸಾಗಿದ್ದಾಳೆ. ತಂದೆಗೆ ರಸ್ತೆಯ ಬದಿಯಲ್ಲೊಂದು ಕಿರಾಣಿ ಅಂಗಡಿ.

"ಮಾಮಾ, ನೌಕರಿಯಲ್ಲಿದ್ದಾಗ ನೀವು ಇಂಟರ್‌ವ್ಯೂ ತೆಗೆದುಕೊಳ್ಳುತ್ತಿದ್ದಿರಂತೆ, ಹೌದೆ?"

"ತೆಗೆದುಕೊಂಡದ್ದೂ ಉಂಟು, ಕೊಟ್ಟದ್ದೂ ಉಂಟು. ಯಾಕೆ?"

ಕಾಗದವನ್ನು ಮುಂದೆ ಚಾಚಿದಳು. ಬ್ಯಾಂಕಿನ ಅಧಿಕಾರಿ ಹುದ್ದೆಗೆ ಬಂದ ಸಂದರ್ಶನದ ಕರೆ. ಇನ್ನು ಹನ್ನೆರಡು ದಿನಕ್ಕೆ ಬೆಂಗಳೂರಿನಲ್ಲಿ ಹಾಜರಾಗಬೇಕು. ಇಂಥ ಕರೆ ಅವಳಿಗೆ ಬಂದದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಬರವಣಿಗೆಯ ಪರೀಕ್ಷೆಯಲ್ಲಿ ಗೆದ್ದು ಸಂದರ್ಶನದಲ್ಲಿ ಬಿದ್ದು ಬಂದವಳು. ಈ ಸಲವೂ ಆಗದಿದ್ದರೆ ಪುಸ್ತಕ ಕಟ್ಟಿಡಬೇಕೆಂದು ತಂದೆ ಹೇಳಿಯಾಗಿದೆ. ಒಂದೆರಡು ಕಡೆಯಿಂದ ಜಾತಕವೂ ಬಂದಿದೆ ಎಂದು ತಂಗಿ ಒಳಗಿನಿಂದ ಪಿಸುಗುಟ್ಟಿದಳು.

ನಮ್ಮ ವಾಚಕರ ಮನೆಗಳಲ್ಲಿ ಇಂಥ ಕಾಗದ ಕೈಯಲ್ಲಿ ಹಿಡಿದ ಮಗನೋ ಮಗಳೋ ಒಬ್ಬರಾದರೂ ಇದ್ದಾರು. ಆದುದರಿಂದ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. ಸರ್ಕಾರಿ ಬ್ಯಾಂಕುಗಳ ಅಧಿಕಾರಿಗಳ ಸಾಮಾನ್ಯ ಆಯ್ಕೆಯಲ್ಲಿ ಬರವಣಿಗೆಗೆ ನೂರಕ್ಕೆ 80 ಪಾಲು, ಸಂದರ್ಶನಕ್ಕೆ 20 ಪಾಲು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವೆಯ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳು. ಅದರಲ್ಲಿ 275 ಸಂದರ್ಶನಕ್ಕೆ. ಕೇಳುವುದಕ್ಕೆ ಇವು ಸಣ್ಣ ಪಾಲುಗಳು. ಆದರೆ ಆ ಕೋಣೆಯ ಬಾಗಿಲಿನವರೆಗೆ ಬಂದವರೆಲ್ಲರೂ ಬರವಣಿಗೆಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಿಂತವರೇ. ಎರಡು ಅಂಕದಲ್ಲಿ ನೂರಾರು ಮಂದಿ ಹಿಂದೆ ಮುಂದೆ ಆಗುವ ಜಾಗದಲ್ಲಿ ಇಪ್ಪತ್ತೆಂಬುದು ಸಣ್ಣದಲ್ಲ.

"ಸರಿ, ಒಂದು ಕುರ್ಚಿ ತಾ. ಈಗಲೇ ನೋಡೋಣ" ಎಂದೆ.

ಮಂಡಳಿಗೆ ಐವರು ಬೇಕಲ್ಲ? ನಾನು, ತಂಗಿ, ಭಾವ, ಎದುರು ಮನೆಯ ನಿವೃತ್ತ ಮಾಸ್ತರರು, ಇಷ್ಟಕ್ಕೆ ನಾಲ್ವರಾದೆವು. ಗಲಾಟೆ ಕೇಳಿ ಹುಡುಗಿಯ ಅಜ್ಜಿಯೂ ಬಂದು, "ನಾನೂ ಕೂರುತ್ತೇನೆ, ಅವಳನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?" ಎಂದು ಐದನೆಯ ಸ್ಥಾನವನ್ನು ಹಿಡಿದುಬಿಟ್ಟರು. ಅಜ್ಜಿಗೆ ಬರುವ ಭಾಷೆ ಕೊಂಕಣಿ, ಕನ್ನಡ ಅರ್ಥವಾಗುತ್ತದೆ, ಇಂಗ್ಲಿಷು ಅವರ ಗೊಡವೆಯಲ್ಲ. ಆದರೂ ಆ ದಿನದ ಮಂಡಳಿಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಹುಡುಗಿ ಅಂಗಳದಿಂದ ಬಂದು, ಐವರಿಗೂ ಬೇರೆ ಬೇರೆಯಾಗಿ ಐದು ಸಲ ನಮಸ್ಕಾರ ಹೇಳಿ, ಕುರ್ಚಿಯ ತುದಿಯಲ್ಲಿ ಕುಳಿತಳು. ನಿನ್ನ ವಿಷಯ ಹೇಳು ಎಂದೆ. ಅವಳು ಬಾಯಿಪಾಠ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಉಸಿರು ಬಿಡದೆ ಒಪ್ಪಿಸಿದಳು. ತಾನು ಶ್ರಮಜೀವಿ, ತಂಡದೊಡನೆ ಹೊಂದಿಕೊಂಡು ಕೆಲಸ ಮಾಡಬಲ್ಲವಳು, ತನ್ನ ದೌರ್ಬಲ್ಯವೆಂದರೆ ಕೆಲಸ ಮುಗಿಯುವವರೆಗೆ ನಿದ್ದೆ ಬಾರದಿರುವುದು. ಮಾಸ್ತರರು ಮೀಸೆಯಲ್ಲೇ ನಕ್ಕರು.

"ಊರು ಯಾವುದು?"

"ಕಾರವಾರ, ಸರ್."

ಅಜ್ಜಿ ತಟ್ಟನೆ ಎದ್ದು ಕುಳಿತರು. "ಏನು? ನಮ್ಮ ಮನೆ ಹೊಳೆಯಾಚೆ ಹೋದದ್ದು ಯಾವಾಗ?"

ಎಲ್ಲರೂ ನಕ್ಕೆವು. ಹುಡುಗಿ ನಗಲಿಲ್ಲ. ಮುಖ ಕೆಂಪಾಗಿಸಿಕೊಂಡು, "ಚಿತ್ತಾಕುಲ ಎಂದರೆ ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿದೆ, ಮಾಮಾ? ಎರಡು ಸಲವೂ ಕಾರವಾರ ಎಂದೇ ಹೇಳಿದ್ದೇನೆ" ಎಂದಳು.

ಆಮೇಲೆ ಏನಾಯಿತೆಂದು ಕೇಳಿದೆ. ಹಿಂದಿನ ಸಲ, 2024ರ ಆರಂಭದಲ್ಲಿ, ಮಂಡಳಿಯ ಒಬ್ಬರು, "ಓಹೋ, ಕಾರವಾರ! ಅಲ್ಲಿ ನೌಕಾನೆಲೆ ಇದೆಯಲ್ಲವೆ?" ಎಂದರಂತೆ. ಇವಳು "ಹೌದು, ಸರ್" ಎಂದಳಂತೆ. ಮಾತು ಅಲ್ಲಿಗೇ ನಿಂತಿತು. ಮಾತು ನಿಂತ ಮೇಲೆ ಅವರು ಎಲ್ಲರಿಗೂ ಕೇಳುವ ಪ್ರಶ್ನೆಗಳ ಪಟ್ಟಿಗೆ ಹಿಂತಿರುಗಿದರು. ರಿಸರ್ವ್ ಬ್ಯಾಂಕಿನ ರೆಪೋ ದರ ಎಷ್ಟು? ಇವಳು ಶೇಕಡಾ 6.25 ಎಂದಳು. ಆ ದರ 2023ರ ಫೆಬ್ರವರಿಯಿಂದ 2025ರ ಫೆಬ್ರವರಿಯವರೆಗೆ 6.5ರಲ್ಲೇ ನಿಂತಿತ್ತು, ಇವಳು ಓದಿದ್ದು ಹಳೆಯ ಕೈಪಿಡಿ. ಇನ್ನೊಮ್ಮೆ ಯೋಚಿಸಿ ಎಂದು ಅವರು ಹೇಳಿದಾಗ, ಹಿಂಜರಿದರೆ ಧೈರ್ಯವಿಲ್ಲವೆಂದುಕೊಂಡಾರೆಂದು ಹೆದರಿ, 6.25 ಎಂದೇ ಎರಡನೆಯ ಸಲವೂ ಸಾಧಿಸಿದಳು. ಅವಳು ಕೆಟ್ಟದ್ದು ಮೊದಲ ಉತ್ತರದಿಂದಲ್ಲ, ಎರಡನೆಯದರಿಂದ.

ಇಲ್ಲಿ ನಾನು ಮೇಜಿನ ಆಚೆ ಬದಿಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ಉಮೇದುವಾರನ ಕಣ್ಣಿಗೆ ಆ ಐವರೂ ಐದು ಹುಲಿಗಳು. ಆದರೆ ಅವರೂ ಬೆಳಗಿನಿಂದ ಕುಳಿತು ಬೆನ್ನು ನೋಯಿಸಿಕೊಂಡವರು. ಊಟವಾದ ಮೇಲೆ ಒಳಗೆ ಬಂದ ಮೂರನೆಯವನೂ, ನನ್ನ ದೌರ್ಬಲ್ಯವೆಂದರೆ ಅತಿಯಾಗಿ ದುಡಿಯುವುದು ಎಂದು ಹೇಳಿದಾಗ ಮಂಡಳಿಯ ಮುಖದಲ್ಲಿ ಕಾಣುವುದು ಕೋಪವಲ್ಲ, ಆಕಳಿಕೆ. ನಾನು ಕುಳಿತ ಮಂಡಳಿಗಳಲ್ಲಿ ಸಾಮಾನ್ಯವಾಗಿ ಒಬ್ಬರು ವಿಷಯ ಕೇಳುವವರು, ಒಬ್ಬರು ಲೋಕಾಭಿರಾಮ ಮಾತಾಡಿಸುವವರು, ಒಬ್ಬರು ಬೇಕೆಂದೇ ಮುಖ ಗಂಟಿಕ್ಕಿ ಕೂರುವವರು. ಏನನ್ನೂ ಕೇಳದೆ ಬರೆದುಕೊಳ್ಳುವವರು ಇನ್ನೊಬ್ಬರು ಇರುತ್ತಿದ್ದರು. ಮುಗಿದ ಮೇಲೆ ಅವರ ಮಾತಿಗೆ ಹೆಚ್ಚು ತೂಕ ಬರುತ್ತಿತ್ತು. ಗಂಟುಮೋರೆಯವರನ್ನು ನಗಿಸಲು ಹೋಗಿ ಉಳಿದ ನಾಲ್ವರನ್ನು ಮರೆತ ಹುಡುಗರನ್ನು ಎಷ್ಟೋ ಮಂದಿ ಕಂಡಿದ್ದೇನೆ. ಅವರ ಗಂಟು ಆ ದಿನದ ಪಾತ್ರ. ಸಂಜೆ ಮನೆಗೆ ಹೋಗುವಾಗ ಬಿಚ್ಚಿ ಹೋಗುತ್ತಾರೆ.

ಮುಖ್ಯವಾದ ಸಂಗತಿ ಬೇರೆ. ಮಂಡಳಿಗೆ ನಿಮ್ಮ ವಿಷಯ ಏನೂ ಗೊತ್ತಿರುವುದಿಲ್ಲ. ಎದುರಿಗೆ ಒಂದು ಅರ್ಜಿ. ಅದರಲ್ಲಿ ಹೆಸರು, ಊರು, ಓದು, ಹವ್ಯಾಸ. ಲೋಕಸೇವಾ ಆಯೋಗದ ಮಂಡಳಿಗೆ ಉಮೇದುವಾರನ ಬರವಣಿಗೆಯ ಅಂಕಗಳನ್ನು ಸಹ ತಿಳಿಸುವುದಿಲ್ಲ. ಇದು ಪಾಟೀಸವಾಲಲ್ಲ, ಉದ್ದೇಶವಿಟ್ಟುಕೊಂಡು ನಡೆಸುವ ಸಹಜವಾದ ಸಂಭಾಷಣೆ ಎಂದು ಆಯೋಗವೇ ತನ್ನ ಪ್ರಕಟಣೆಗಳಲ್ಲಿ ಹೇಳುತ್ತ ಬಂದಿದೆ. ಸಂಭಾಷಣೆಗೆ ಒಂದು ಎಳೆ ಬೇಕು. ಆ ಎಳೆಯನ್ನು ಅವರು ಹುಡುಕುವುದು ನಿಮ್ಮ ಉತ್ತರದಲ್ಲಿ. ನೀವು ಯಾವ ಮಾತನ್ನು ಬಿಟ್ಟುಕೊಡುತ್ತೀರೋ ಮುಂದಿನ ಪ್ರಶ್ನೆ ಅದರಿಂದಲೇ ಹುಟ್ಟುತ್ತದೆ. ಏನನ್ನೂ ಬಿಟ್ಟುಕೊಡದವನಿಗೆ ರೆಪೋ ದರವೇ ಗತಿ.

"ಚಿತ್ತಾಕುಲ ಎಂದಿದ್ದರೆ ಏನಾಗುತ್ತಿತ್ತು?" ಎಂದು ಹುಡುಗಿಯನ್ನು ಕೇಳಿದೆ.

"ಅದೆಲ್ಲಿದೆ ಎಂದು ಕೇಳುತ್ತಿದ್ದರು."

"ಕೇಳಲಿ! ಅವರಿಗೆ ಗೊತ್ತಿಲ್ಲದ, ನಿನಗೆ ಗೊತ್ತಿರುವ ಪ್ರಶ್ನೆ ಅದೊಂದೇ."

ಮಾಸ್ತರರಿಗೆ ಇಷ್ಟೇ ಸಾಕಾಗಿತ್ತು. ಮೂವತ್ತು ವರ್ಷ ಪಾಠ ಹೇಳಿದ ನಾಲಗೆ. ಆ ಸಂಜೆ ಅವರು ಹೇಳಿದ್ದನ್ನೆಲ್ಲ ಬರೆದರೆ ಈ ಸಂಚಿಕೆಯ ಧಾರಾವಾಹಿಗೆ ಜಾಗ ಉಳಿಯದು. ಕೆಲವನ್ನು ಮಾತ್ರ ಹೇಳುತ್ತೇನೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯ ವಿಷಯ ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೋಸಾ ಕಾಳಿ ನದಿಯ ಬಾಯಲ್ಲಿರುವ ಸಿಂತಾಕೋರಾ ಎಂಬ ಕೋಟೆಯನ್ನು ಹೆಸರಿಸಿದ್ದಾನೆ. ಸಿಂತಾಕೋರಾ ಎಂಬುದು ಅವರ ನಾಲಗೆಯಲ್ಲಿ ತಿರುಚಿದ ಚಿತ್ತಾಕುಲವೇ. ಆಗ ಈ ಹೊಳೆ ಬಿಜಾಪುರದ ಸೀಮೆಗೂ ವಿಜಯನಗರದ ಸೀಮೆಗೂ ನಡುವಿನ ಗಡಿಯಾಗಿತ್ತು. ಮುಂದೆ ಸೋಂದೆಯ ಅರಸರ ಕಾಲದಲ್ಲಿ ಗುಡ್ಡದ ಮೇಲೆ ಕೋಟೆ ಎದ್ದು, ಸದಾಶಿವನಾಯಕನ ಹೆಸರು ಹೊತ್ತು ಸದಾಶಿವಗಡವಾಯಿತು. ಬೆಂಗಳೂರಿನವರಿಗೆ ಗೊತ್ತಿಲ್ಲವೆಂದು ಹುಡುಗಿ ನಾಚಿಕೊಂಡ ಊರು ಐನೂರು ವರ್ಷಗಳ ಹಿಂದೆ ಲಿಸ್ಬನ್ನಿನವರಿಗೆ ಗೊತ್ತಿತ್ತು!

ಹೊಳೆಯಾಚೆಯ ಕಾರವಾರದ ಕಥೆಯಂತೂ ಇವಳ ಕೆಲಸಕ್ಕೆ ಇನ್ನೂ ಹತ್ತಿರದ್ದು. 1863ರಲ್ಲಿ ಲಂಡನ್ನಿನಲ್ಲಿ ನಡೆದ ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಗೆದ್ದ ಮೊದಲ ಭಾರತೀಯರು ಸತ್ಯೇಂದ್ರನಾಥ ಠಾಕೂರರು. ಪರೀಕ್ಷೆಯೂ ಅವರದಲ್ಲದ ಊರಿನಲ್ಲಿ, ಭಾಷೆಯೂ ಅವರದಲ್ಲದ್ದು. ಅವರು ಮುಂದೆ ಜಿಲ್ಲಾ ನ್ಯಾಯಾಧೀಶರಾಗಿ ಕಾರವಾರಕ್ಕೆ ಬಂದರು. ಅಣ್ಣನ ಮನೆಯಲ್ಲಿ ಉಳಿಯಲು ತಮ್ಮ ರವೀಂದ್ರರೂ 1883ರ ಸುಮಾರಿಗೆ ಬಂದರು. ಒಂದು ಸಂಜೆ ಚಿಕ್ಕ ದೋಣಿಯಲ್ಲಿ ಕಾಳಿಯ ಮೇಲೆ ಹೋಗಿ, ದಾರಿಯಲ್ಲಿ ಗುಡ್ಡದ ಮೇಲಿನ ಹಳೆಯ ಕೋಟೆಯೊಂದನ್ನು ನೋಡಿ, ಬೆಳದಿಂಗಳಲ್ಲಿ ಹಿಂತಿರುಗಿದ್ದನ್ನು ಕವಿ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಾರವಾರದ ಕಡಲತೀರಕ್ಕೆ ಇಂದು ಅವರ ಹೆಸರೇ ಇದೆ.

ಹುಡುಗಿ ಬರೆದುಕೊಳ್ಳಲು ಹೊರಟಳು. ಅದನ್ನು ನಾನು ತಡೆದೆ. ಇದನ್ನೂ ಬಾಯಿಪಾಠ ಮಾಡಿ ಅಲ್ಲಿ ಒಪ್ಪಿಸಿದರೆ ಶ್ರಮಜೀವಿಯ ಜಾಗದಲ್ಲಿ ಬಾರ್ಬೋಸಾ ಬಂದು ಕುಳಿತಂತಾಗುತ್ತದೆ, ಅಷ್ಟೆ. ಅವಳದೇ ಆದದ್ದು ಏನಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೇತುವೆ" ಎಂದಳು.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದದ್ದು ವಾಚಕರಿಗೆ ನೆನಪಿರಬಹುದು. ಲಾರಿಯೊಂದು ನದಿಗೆ ಬಿತ್ತು. ಅದರ ಚಾಲಕ ದೈವದ ದಯೆಯಿಂದ ಬದುಕಿದ. ಪಕ್ಕದ ಹೊಸ ಸೇತುವೆ ಇದ್ದುದರಿಂದ ಸಂಪರ್ಕ ಪೂರ್ತಿ ಹರಿದುಹೋಗಲಿಲ್ಲ. ಆದರೆ ಆ ದಿನದ ಚಿತ್ತಾಕುಲವನ್ನು ಈ ಹುಡುಗಿ ಹೇಳಿದಳು: ಹಾಲು ತಡವಾಗಿ ಬಂದದ್ದು, ತಂದೆಯ ಅಂಗಡಿಗೆ ಬರಬೇಕಾದ ಸಾಮಾನು ಆಚೆ ದಡದಲ್ಲೇ ಉಳಿದದ್ದು, ಹೊಸ ಸೇತುವೆಯ ಮೇಲೂ ಹೋಗಬಹುದೋ ಇಲ್ಲವೋ ಎಂದು ಎಲ್ಲರೂ ದಡದಲ್ಲಿ ನಿಂತು ನೋಡಿದ್ದು, ಸೇತುವೆಯೇ ಇಲ್ಲದ ಕಾಲದಲ್ಲಿ ದೋಣಿಯಲ್ಲಿ ದಾಟುತ್ತಿದ್ದ ಅಜ್ಜಿ ಮಾತ್ರ, ಇದರಲ್ಲೇನಿದೆ ಎಂಬಂತೆ ಮೀನು ಕೊಯ್ಯುತ್ತ ಕುಳಿತದ್ದು. ಆ ವಾರ ತಂದೆ ಸಾಲದ ಪುಸ್ತಕ ತೆರೆದು, ಪರಿಚಯದ ಮನೆಗಳಿಗೆಲ್ಲ ದುಡ್ಡು ಕೇಳದೆ ಸಾಮಾನು ಕೊಟ್ಟರಂತೆ. ಎಲ್ಲವೂ ವಸೂಲಾಯಿತೆ ಎಂದು ಭಾವ ಕೇಳಿದರು. "ಎರಡು ಮನೆ ಬಿಟ್ಟು ಎಲ್ಲ ಬಂತು. ಆ ಎರಡು ಮನೆಯವರೂ ಕೊಡದವರಲ್ಲ, ಮೀನುಗಾರಿಕೆ ಶುರುವಾಗಲಿ ಎಂದು ಅಪ್ಪ ಕಾದರು. ಆಮೇಲೆ ಅವರೂ ಕೊಟ್ಟರು."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಸಾಲ ಯಾರಿಗೆ ಕೊಡಬೇಕು, ಯಾವಾಗ ಕೇಳಬೇಕು, ಯಾವಾಗ ಕಾಯಬೇಕು ಎಂಬುದಕ್ಕಿಂತ ಬೇರೆ ಬ್ಯಾಂಕಿಂಗು ಯಾವುದಿದೆ? ಇಷ್ಟನ್ನೂ ಅಂಗಡಿಯ ಹಲಗೆಯ ಹಿಂದೆ ಕುಳಿತು ಕಲಿತ ಹುಡುಗಿ ಮಂಡಳಿಯ ಮುಂದೆ ಹೋಗಿ ಹೇಳಿದ್ದು, ತನಗೆ ನಿದ್ದೆ ಬರುವುದಿಲ್ಲವೆಂದು!

ಬ್ಯಾಂಕುಗಳ ಮಾತು ಬಂದಿತೆಂದು ಇನ್ನೊಂದನ್ನೂ ಜ್ಞಾಪಿಸಿದೆ. ನಮ್ಮ ಕರಾವಳಿ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿತು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಎಂದು ಆರಂಭಿಸಿ, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೂಡಿಸಿಕೊಂಡು ಹೋಗುತ್ತಿದ್ದರು. ಇವುಗಳಲ್ಲಿ ವಿಜಯಾ 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ 2020ರಲ್ಲಿ ಕೆನರಾದಲ್ಲಿಯೂ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಕರಾವಳಿಯ ಹುಡುಗಿ ಬ್ಯಾಂಕಿನ ಕೆಲಸ ಕೇಳಲು ಬಂದರೆ ಈ ಪ್ರಶ್ನೆ ಎದುರಾಗುವುದು ಸಹಜ. ವಿಲೀನವಾದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ? ಯಾವುದಾದರೂ ಒಂದು ಅಭಿಪ್ರಾಯವಿರಲಿ, ಅದಕ್ಕೊಂದು ಕಾರಣವಿರಲಿ. ಎರಡೂ ಕಡೆಗೆ ದೀಪ ಹಿಡಿಯುವ ಉತ್ತರವನ್ನು ಮಂಡಳಿ ದಿನಕ್ಕೆ ಹತ್ತು ಸಲ ಕೇಳಿರುತ್ತದೆ.

ಮರುದಿನದಿಂದ ದಿನವೂ ಸಂಜೆ ಜಗಲಿಯ ಮಂಡಳಿ ಸೇರಿತು. ಅವಳಿಗೆ ಕಲಿಸಲು ಅತ್ಯಂತ ಕಷ್ಟವಾದದ್ದು "ನನಗೆ ಗೊತ್ತಿಲ್ಲ" ಎಂಬ ಎರಡು ಪದ. ಶಾಲೆಯಲ್ಲಿ ಗೊತ್ತಿಲ್ಲವೆಂದರೆ ಪೆಟ್ಟು. ಮನೆಯಲ್ಲಿ ಗೊತ್ತಿಲ್ಲವೆಂದರೆ ಅವಮಾನ. ಹೀಗೆ ಇಪ್ಪತ್ತು ವರ್ಷ ಬೆಳೆದ ಮಕ್ಕಳು ಒಂದು ದಿನ ಆ ಮಾತನ್ನು ತಲೆಯೆತ್ತಿ ಹೇಳಲಾರರು. ಮೊದಮೊದಲು ಅವಳು ಅದನ್ನು ತಪ್ಪೊಪ್ಪಿಗೆಯಂತೆ, ಕಣ್ಣು ತಗ್ಗಿಸಿ ಹೇಳುತ್ತಿದ್ದಳು. ನಾಲ್ಕನೆಯ ದಿನ ಮಾಸ್ತರರು ಯಾವುದೋ ಕಾಯಿದೆಯ ಕಲಮು ಕೇಳಿದಾಗ, "ಅದು ಗೊತ್ತಿಲ್ಲ, ಸರ್" ಎಂದು ಅವರ ಮುಖ ನೋಡಿಯೇ ಹೇಳಿ, ಮುಂದಿನ ಪ್ರಶ್ನೆಗೆ ಕಾದು ಕುಳಿತಳು. ಆ ದಿನ ತಂಗಿ ಎಲ್ಲರಿಗೂ ಎರಡನೆಯ ಸಲ ಚಹಾ ಮಾಡಿದಳು.

ಉಳಿದ ಸಣ್ಣ ಸಂಗತಿಗಳನ್ನು ಎಲ್ಲರೂ ಬಲ್ಲರು. ಪ್ರಶ್ನೆ ಕೇಳಿದವರ ಮುಖ ನೋಡಿ ಉತ್ತರ ಆರಂಭಿಸಿ, ನಡುವೆ ಉಳಿದವರ ಕಡೆಗೂ ದೃಷ್ಟಿ ಹಾಯಿಸುವುದು. ಪ್ರಶ್ನೆ ಮುಗಿಯುವ ಮೊದಲೇ ಬಾಯಿ ಹಾಕದಿರುವುದು. ಹೊಸ ಸೀರೆಯನ್ನು ಆ ದಿನವೇ ಮೊದಲ ಸಲ ಉಡದಿರುವುದು. ಕಾಗದಪತ್ರಗಳನ್ನು ಕರೆಪತ್ರದಲ್ಲಿ ಹೇಳಿದ ಕ್ರಮದಲ್ಲೇ ಜೋಡಿಸಿಕೊಳ್ಳಬೇಕು. ಭಾಷೆಯ ವಿಷಯ ಒಂದು ಮಾತು: ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು, ಭಾಷಾಂತರಿಸುವವರನ್ನು ಅಲ್ಲಿ ಒದಗಿಸುತ್ತಾರೆ. ಎಲ್ಲ ಸಂಸ್ಥೆಗಳಲ್ಲಿಯೂ ಈ ಅನುಕೂಲವಿಲ್ಲ. ಇಂಗ್ಲಿಷು ಬೇಕಾದ ಕಡೆ ಚಿಕ್ಕ ವಾಕ್ಯಗಳ ಇಂಗ್ಲಿಷು ಸಾಕು. ದೊಡ್ಡ ವಾಕ್ಯದ ನಡುವೆ ದಾರಿ ತಪ್ಪಿದವರನ್ನು ಕಾಪಾಡಲು ಯಾರೂ ಬರುವುದಿಲ್ಲ.

ಹೊರಡುವ ಎರಡು ದಿನ ಮೊದಲು ಅವಳು ಇನ್ನೊಂದು ಸಂಗತಿ ಹೇಳಿದಳು. ಅದನ್ನು ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದಳು. ಮೂರು ವರ್ಷಗಳ ಹಿಂದೆ ಒಂದು ಖಾಸಗಿ ಕಂಪನಿಯ ಸಂದರ್ಶನಕ್ಕೆ ಹೋಗಿದ್ದಳಂತೆ. ಯಾವುದು, ಎಲ್ಲಿ ಎಂಬುದು ಬೇಡ. ಮಂಡಳಿಯ ಹಿರಿಯರೊಬ್ಬರು, "ಮದುವೆ ಯಾವಾಗ? ಮದುವೆಯಾದ ಮೇಲೆ ಗಂಡ ಬೇಡವೆಂದರೆ ನಾವು ಕಲಿಸಿದ್ದೆಲ್ಲ ನೀರಿಗೆ ಹೋಗುತ್ತದಲ್ಲ?" ಎಂದರಂತೆ. ಉಳಿದವರು ನಕ್ಕರಂತೆ. ಇವಳೂ ನಕ್ಕಳು, ಬೇರೇನು ಮಾಡಬೇಕೆಂದು ತೋಚಲಿಲ್ಲ. "ನಕ್ಕದ್ದಕ್ಕೇ ನನಗೆ ಈಗಲೂ ಸಿಟ್ಟು, ಮಾಮಾ" ಎಂದಳು.

ಇದಕ್ಕೆ ಜಗಲಿಯ ಮಂಡಳಿಯಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ನಾನು ಅವಳಿಗೆ ಕೊಡಗಿನ ಸಿ. ಬಿ. ಮುತ್ತಮ್ಮನವರ ಕಥೆ ಹೇಳಿದೆ. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದವರು. ಒಂಬತ್ತನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. 1948ರಲ್ಲಿ ನಾಗರಿಕ ಸೇವೆಗಳ ಪರೀಕ್ಷೆಯಲ್ಲಿ ಗೆದ್ದ ಮೊದಲ ಮಹಿಳೆ. ಸಂದರ್ಶನದ ಮಂಡಳಿ ಅವರನ್ನು ವಿದೇಶಾಂಗ ಸೇವೆಯ ಆಸೆ ಬಿಡುವಂತೆ ಒಲಿಸಲು ನೋಡಿತು: ಹೆಂಗಸರಿಗೆ ಅದು ತಕ್ಕುದಲ್ಲವೆಂದು. ಮುತ್ತಮ್ಮನವರು ಒಪ್ಪಲಿಲ್ಲ, ಅದೇ ಬೇಕೆಂದರು, ಅದನ್ನೇ ಪಡೆದರು. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆದುಕೊಡಬೇಕಾಯಿತು. 1970ರಲ್ಲಿ ಅವರು ಹಂಗೇರಿಗೆ ರಾಯಭಾರಿಯಾದರು. ಮುಂದೆ ಬಡ್ತಿ ತಪ್ಪಿದಾಗ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಮದುವೆಗೆ ಸರ್ಕಾರದ ಅಪ್ಪಣೆ ಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಕಂಡರೆ ಹೆಂಗಸು ರಾಜೀನಾಮೆ ಕೊಡಬೇಕು ಎಂಬ ನಿಯಮಗಳನ್ನು 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಕಟುವಾಗಿ ಟೀಕಿಸಿದರು. ಅಷ್ಟರಲ್ಲಿ ಸರ್ಕಾರ ಅವರಿಗೆ ಬಡ್ತಿಯನ್ನೂ ಕೊಟ್ಟು, ಆ ನಿಯಮಗಳನ್ನೂ ಕೈಬಿಡುವುದಾಗಿ ಹೇಳಿಯಾಗಿತ್ತು.

ಸಂದರ್ಶನವೆಂಬುದು ದೇವರ ತಕ್ಕಡಿಯಲ್ಲ ಎಂಬುದನ್ನು ನ್ಯಾಯಾಲಯಗಳೂ ಬಲ್ಲವು. 1981ರಲ್ಲಿ ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದ ಮೊಕದ್ದಮೆಯೊಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಅಲ್ಲಿ ಪ್ರತಿಯೊಬ್ಬನನ್ನೂ ಎರಡು ಮೂರು ನಿಮಿಷ ಮಾತಾಡಿಸಿ, ತಂದೆ ಯಾರು, ಮನೆ ಎಲ್ಲಿ ಎಂದು ಕೇಳಿ ಕಳುಹಿಸಿದ್ದರೆಂಬುದು ದೂರು. ಸಂದರ್ಶನಕ್ಕೆ ಇಟ್ಟದ್ದು ಮೂರರಲ್ಲಿ ಒಂದು ಪಾಲು ಅಂಕ. ಇದು ಸಲ್ಲದು, ಶೇಕಡಾ 15ನ್ನು ಮೀರಬಾರದು ಎಂದಿತು ನ್ಯಾಯಾಲಯ; ಸಂದರ್ಶನವನ್ನು ಧ್ವನಿಮುದ್ರಣ ಮಾಡಿದರೆ ಒಳ್ಳೆಯದೆಂದೂ ಸೂಚಿಸಿತು. 2016ರ ಜನವರಿಯಿಂದ ಕೇಂದ್ರ ಸರ್ಕಾರ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಊರು ಯಾವುದು ಎಂಬ ಅದೇ ಪ್ರಶ್ನೆ ಶ್ರೀನಗರದಲ್ಲಿ ಕಾಲ ಕಳೆಯುವ ನೆಪವಾಗಿತ್ತು. ಇವಳಿಗೆ ಅದೇ ಬಾಗಿಲಾಗಬಹುದಿತ್ತು. ಕೇಳುವವರೂ ಬೇಕು, ಹೇಳುವವರೂ ಬೇಕು.

"ಆ ಪ್ರಶ್ನೆ ಮತ್ತೆ ಕೇಳಿದರೆ?" ಎಂದಳು ಹುಡುಗಿ.

ನಾನು ಯೋಚಿಸುತ್ತಿದ್ದಾಗ ತಂಗಿ ಉತ್ತರ ಕೊಟ್ಟಳು. "ನಗಬೇಡ. ಸಿಟ್ಟೂ ಮಾಡಬೇಡ. ವರ್ಗ ಮಾಡಿದ ಕಡೆಗೆ ಹೋಗುತ್ತೇನೆಂದು ಅರ್ಜಿಯಲ್ಲಿ ಸಹಿ ಹಾಕಿದ್ದೇನೆ, ಸರ್, ಎನ್ನು. ಅಷ್ಟೇ ಸಾಕು." ಮೂವತ್ತು ವರ್ಷ ಮನೆ ನಡೆಸಿದವಳ ಉತ್ತರ ನನ್ನದಕ್ಕಿಂತ ಚೆನ್ನಾಗಿತ್ತು; ಅದನ್ನೇ ಇಟ್ಟುಕೊಂಡೆವು.

ಹುಡುಗಿ ತಂದೆಯೊಡನೆ ರಾತ್ರಿಯ ಬಸ್ಸಿನಲ್ಲಿ ಹೋದಳು. ನನ್ನ ಹತ್ತು ದಿನ ಮುಗಿದು ಎರಡು ದಿನವಾಗಿದ್ದರೂ ನಾನು ಹೊರಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಂದಳು. ಮಂಡಳಿ ಕೂಡಲೇ ಜಗಲಿಯಲ್ಲಿ ಸೇರಿತು. ಮಾಸ್ತರರು ಹಲ್ಲುಜ್ಜದೆಯೇ ಬಂದಿದ್ದರೆಂದು ಕಾಣುತ್ತದೆ.

ಊರು ಕೇಳಿದರಂತೆ. ಚಿತ್ತಾಕುಲ ಎಂದಳಂತೆ. ಅದೆಲ್ಲಿದೆ ಎಂದರಂತೆ. ಕಾಳಿಯ ಉತ್ತರ ದಂಡೆಯಲ್ಲಿ, ಸೇತುವೆ ಬಿದ್ದ ಜಾಗದ ಹತ್ತಿರ ಎಂದಾಗ ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿಂದ ಮಾತು ಅಪ್ಪನ ಅಂಗಡಿಗೆ, ಸಾಲದ ಪುಸ್ತಕಕ್ಕೆ, ಮೀನುಗಾರರಿಗೆ ಮಳೆಗಾಲದಲ್ಲಿ ಬ್ಯಾಂಕು ಸಾಲ ಕೊಟ್ಟರೆ ಕಂತನ್ನು ಯಾವ ತಿಂಗಳಿನಿಂದ ಆರಂಭಿಸಬೇಕು ಎಂಬಲ್ಲಿಗೆ ಹೋಯಿತು. ಗಂಟುಮೋರೆಯ ಒಬ್ಬರು ಇದ್ದರಂತೆ. ಅವರು ಎರಡು ಪ್ರಶ್ನೆ ಕೇಳಿದರು. ಒಂದಕ್ಕೆ ಗೊತ್ತಿಲ್ಲವೆಂದಳು, ಇನ್ನೊಂದಕ್ಕೆ ತಪ್ಪು ಹೇಳಿ, ತಾನೇ ತಿದ್ದಿಕೊಂಡಳು. ಮದುವೆಯ ಪ್ರಶ್ನೆ ಯಾರೂ ಕೇಳಲಿಲ್ಲ. ರೆಪೋ ದರ ಕೇಳಿದರೆ? ಅದನ್ನೂ ಕೇಳಲಿಲ್ಲವಂತೆ, ದಾರಿಯುದ್ದಕ್ಕೂ ಉರುಹೊಡೆದದ್ದು ವ್ಯರ್ಥವಾಯಿತೆಂದು ಹುಡುಗಿಗೆ ಸ್ವಲ್ಪ ಬೇಸರ. ಬಾರ್ಬೋಸಾನ ಪ್ರಸ್ತಾಪ ಬಾರದೆ ಹೋದದ್ದಕ್ಕೆ ಮಾಸ್ತರರಿಗೆ ಅದಕ್ಕಿಂತ ಹೆಚ್ಚು.

ಫಲಿತಾಂಶ ನಾನು ಇದನ್ನು ಬರೆಯುವವರೆಗೆ ಬಂದಿಲ್ಲ. ತಂದೆ ಜಾತಕಗಳನ್ನು ಹಿಂತಿರುಗಿಸಿಲ್ಲ, ಮುಂದಕ್ಕೂ ತಳ್ಳಿಲ್ಲ; ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟಿದ್ದಾರೆ.

ಎಲ್ಲವನ್ನೂ ಕೇಳಿ ಮುಗಿದ ಮೇಲೆ, ಅಷ್ಟು ಹೊತ್ತು ಮೌನವಾಗಿದ್ದ ಐದನೆಯ ಸದಸ್ಯರು ಮೊಮ್ಮಗಳ ಕೈ ಹಿಡಿದು ಕೇಳಿದರು: "ಅಷ್ಟು ಮಾತಾಡಿಸಿದರಲ್ಲ, ಒಂದು ಕಪ್ಪು ಚಹಾ ಆದರೂ ಕೊಟ್ಟರೇನೇ?"